ರಾತ್ರಿ ಕಾಲಿನ ಎರಡು ಕಾಟ

ನನ್ನ ಕಾಲಿಗೆ ಎರಡು ಕಾಟಗಳಿದ್ದವು. ಎರಡೂ ಕತ್ತಲಾದ ಮೇಲೆಯೇ ಬರುತ್ತಿದ್ದರಿಂದ ಮನೆಯವರು, ಸ್ಟಾಫ್ ರೂಮಿನವರು, ಮೆಡಿಕಲ್ ಸ್ಟೋರಿನ ಹುಡುಗ ಎಲ್ಲರೂ ಎರಡನ್ನೂ ಸೇರಿಸಿ ‘ಕಾಲುನೋವು’ ಎಂದು ಒಂದೇ ಖಾತೆಗೆ ಹಾಕಿಬಿಟ್ಟಿದ್ದರು. ನಾನು ಮೊದಲು ಮಾಡಿದ ಕೆಲಸ ಅವೆರಡನ್ನೂ ಬೇರೆ ಬೇರೆಯಾಗಿ ಬರೆದಿಟ್ಟದ್ದು.

ಮೊದಲನೆಯದು ಸೆಟೆತ. ನಡುರಾತ್ರಿ ಮಗ್ಗುಲು ಬದಲಿಸುವಾಗಲೋ ಕಾಲು ಚಾಚಿದಾಗಲೋ ಮೀನಖಂಡ ಗಪ್ಪನೆ ಹಿಡಿದುಕೊಳ್ಳುತ್ತದೆ. ಮುಟ್ಟಿ ನೋಡಿದರೆ ಗಟ್ಟಿ ಗಂಟು ಕೈಗೆ ಸಿಗುತ್ತದೆ. ಒಂದೆರಡು ನಿಮಿಷ ಜೀವ ಹೋಗುವಂಥ ನೋವು, ಆಮೇಲೆ ಸಡಿಲ. ಮಾರನೇ ದಿನ ಮೆಟ್ಟಿಲಿಳಿಯುವಾಗ ಅದೇ ಜಾಗ ಮತ್ತೆ ನೋಯುತ್ತದೆ.

ಎರಡನೆಯದರಲ್ಲಿ ನೋವು ಅಂತ ಹೇಳುವಂಥದ್ದೇನೂ ಇರಲಿಲ್ಲ. ಸಂಜೆ ಎಂಟರ ಹೊತ್ತಿಗೆ ಸೋಫಾ ಮೇಲೆ ಕೂತರೆ ಸಾಕು, ಮೀನಖಂಡದ ಒಳಗೆಲ್ಲೋ ಒಂದು ತಹತಹ ಶುರು. ಕಾಲು ಆಡಿಸಲೇಬೇಕು. ಎದ್ದು ಅಡುಗೆಮನೆಗೆ ಹೋಗಿ ಬಂದರೆ ಮಾಯ, ಮತ್ತೆ ಕೂತರೆ ಮತ್ತೆ ಹಾಜರ್. ಮಲಗಿದರೆ ಇನ್ನೂ ಜಾಸ್ತಿ. ಬೆಳಗಿನ ಜಾವಕ್ಕೆ ತಾನಾಗಿಯೇ ಶಾಂತ. ಬೆಂಗಳೂರಿನಿಂದ ಸಂಜೆ ಬಸ್ಸಿಗೆ ಮಂಡ್ಯಕ್ಕೆ ವಾಪಸಾಗುವಾಗ ರಾಮನಗರ ದಾಟುವುದರೊಳಗೆ ಸೀಟಿನಲ್ಲಿ ಕೂರಲಾಗದೆ ಕಂಡಕ್ಟರ್ ಪಕ್ಕ ನಿಂತುಕೊಂಡು ಬಂದದ್ದಿದೆ. ಕೂತರೆ ಬರುವುದು, ಓಡಾಡಿದರೆ ಹೋಗುವುದು, ಸಂಜೆಯಿಂದ ಹೆಚ್ಚುವುದು, ಕಾಲು ಆಡಿಸದೆ ಇರಲಾಗದಿರುವುದು: ಈ ನಾಲ್ಕೂ ಕೂಡಿದರೆ ಡಾಕ್ಟರುಗಳು ರೆಸ್ಟ್‌ಲೆಸ್ ಲೆಗ್ಸ್, ಅಂದರೆ ಕಾಲಿನ ಚಡಪಡಿಕೆ, ಎನ್ನುತ್ತಾರೆ. 1672ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಇದನ್ನು ಬರೆದಿಟ್ಟ. 1945ರಲ್ಲಿ ಸ್ವೀಡನ್ನಿನ ಎಕ್‌ಬೊಮ್ ಎಂಬ ನರವೈದ್ಯ ಈ ಹೆಸರು ಕೊಟ್ಟ. ನಮ್ಮನೆಯಲ್ಲಿ ಇದಕ್ಕೆ ಹೆಸರಿಲ್ಲದೆಯೇ ಔಷಧಿ ಇತ್ತು. ರಾತ್ರಿ ಊಟವಾದ ಮೇಲೆ ಅವ್ವ “ಬಾ ಮಗ, ವಸಿ ಕಾಲು ತುಳಿ” ಅಂತ ನಮ್ಮಲ್ಲಿ ಯಾರನ್ನಾದರೂ ಕರೆಯುವಳು. ಯಾರೂ ಸಿಗದಿದ್ದರೆ ಹಳೇ ಸೀರೆಯ ಅಂಚು ಹರಿದು ಮಂಡಿಯ ಕೆಳಗೆ ಬಿಗಿದು ಕಟ್ಟಿಕೊಳ್ಳುವಳು. ಈ ಕಾಯಿಲೆ ವಂಶದಲ್ಲಿ ಹರಿದುಬರುವುದು ಸಾಮಾನ್ಯ ಎಂದು ಓದಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ನಾನು ಮಂಡ್ಯ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ವಯಸ್ಸು 47. ಈ ವಯಸ್ಸಿನ ಹೆಂಗಸು ಕಾಲು ಅಂದರೆ ಸಾಕು, ಮೆಡಿಕಲ್ ಸ್ಟೋರಿನಲ್ಲಿ ಮೂರು ವಸ್ತು ಕೌಂಟರಿನ ಮೇಲೆ ಬಂದು ಕೂರುತ್ತವೆ: ಕ್ಯಾಲ್ಸಿಯಂ, ಹಾಲಿಗೆ ಹಾಕಿಕೊಳ್ಳುವ 60,000 ಯೂನಿಟ್ಟಿನ ಡಿ ವಿಟಮಿನ್ ಪುಡಿ, ‘ನರದ ಮಾತ್ರೆ’. “ಮೇಡಂ, ಒಂದು ತಿಂಗ್ಳು ತಗಳಿ, ಎಲ್ಲಾ ಸರೋಯ್ತದೆ” ಅಂದ ಹುಡುಗ. ನಾನು ಮಾತ್ರೆ ತೆಗೆದುಕೊಳ್ಳದೆ ರಕ್ತ ಕೊಟ್ಟು ಬಂದೆ. ಅಳೆಯುವ ಮೊದಲೇ ನುಂಗಿಬಿಟ್ಟರೆ ಆಮೇಲೆ ಯಾವುದು ಕಮ್ಮಿಯಿತ್ತು ಅಂತ ಗೊತ್ತಾಗುವುದೇ ಇಲ್ಲ. ನಮ್ಮ ಫಿಜಿಷಿಯನ್ ಬರೆದುಕೊಟ್ಟ ಪಟ್ಟಿಯಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ಮೈ ಕೂಡಿಟ್ಟ ಕಬ್ಬಿಣದ ಲೆಕ್ಕ), ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ಪಾಲು ತುಂಬಿದೆ ಎಂಬುದು), ಬಿ12, ಡಿ, ಥೈರಾಯ್ಡ್, ಸಕ್ಕರೆ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಇದ್ದವು. ಕಬ್ಬಿಣದ ಪರೀಕ್ಷೆಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಜ್ವರ, ಸೋಂಕು ಇದ್ದಾಗ ಹೋಗಬಾರದು. ಮೈಯಲ್ಲಿ ಉರಿಯೂತವಿದ್ದರೆ ಕಬ್ಬಿಣ ಇಲ್ಲದಿದ್ದರೂ ಫೆರಿಟಿನ್ ಏರಿ ಕಾಣುತ್ತದೆ.

ಹಿಮೋಗ್ಲೋಬಿನ್ 12.1 ಬಂತು. ಹೆಂಗಸರಿಗೆ 12ರ ಕೆಳಗಿದ್ದರೆ ರಕ್ತಹೀನತೆ, ಹಾಗಾಗಿ ಪಾಸು. ಫೆರಿಟಿನ್ 18. ಲ್ಯಾಬಿನ ಹಾಳೆಯಲ್ಲಿ ಅದರ ಮುಂದೆಯೂ ನಕ್ಷತ್ರದ ಗುರುತು ಇರಲಿಲ್ಲ, ಏಕೆಂದರೆ ಅವರು ಅಚ್ಚು ಹಾಕಿದ ಮಿತಿಯೊಳಗೆ ಅದು ಇತ್ತು. ಆದರೆ ಕಾಲಿನ ಚಡಪಡಿಕೆ ಇರುವವರಿಗೆ ಆ ಮಿತಿ ಲೆಕ್ಕಕ್ಕಿಲ್ಲ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2025ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ದೊಡ್ಡವರಲ್ಲಿ ಫೆರಿಟಿನ್ 75 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ, ಇಲ್ಲವೇ ಸ್ಯಾಚುರೇಷನ್ 20 ಪರ್ಸೆಂಟಿಗಿಂತ ಕೆಳಗಿದ್ದರೆ, ಕಬ್ಬಿಣ ಕೊಡುವುದನ್ನು ಯೋಚಿಸಬೇಕು.

ಹಿಂದೆ ನಮ್ಮ ಕಡೆ ರಾಗಿಯನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿಡುತ್ತಿದ್ದರಲ್ಲ, ಫೆರಿಟಿನ್ ಅಂದರೆ ಅದು. ಹಗೇವು ತಳ ಕಂಡಿದ್ದರೂ ಅಡುಗೆಮನೆಯ ಡಬ್ಬದಲ್ಲಿ ಇನ್ನೂ ಹಿಟ್ಟಿರಬಹುದು. ಆ ಡಬ್ಬ ಹಿಮೋಗ್ಲೋಬಿನ್. ಮಿದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕು. ರಕ್ತದಲ್ಲಿ ಕೊರತೆ ಕಾಣುವ ಮೊದಲೇ ಮಿದುಳಿನಲ್ಲಿ ಕಬ್ಬಿಣ ಕಮ್ಮಿಯಾಗಿರಬಹುದು, ಚಡಪಡಿಕೆಯ ಬೇರು ಅಲ್ಲಿದೆ ಎನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಪ್ರತಿ ವಾರ ಶಾಲೆಯಲ್ಲಿ ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸರ್ಕಾರದ ನೀಲಿ ಕಬ್ಬಿಣದ ಮಾತ್ರೆ ನುಂಗಿಸುವವಳು ನಾನೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡಿದೆ. ಹಗೇವು ಮಾತ್ರ ಖಾಲಿಯಾದವರು ಆ ಲೆಕ್ಕದ ಹೊರಗೇ ಉಳಿಯುತ್ತಾರೆ.

ಮಾತ್ರೆ ಬರೆಯುವ ಮೊದಲು ಡಾಕ್ಟರ್ ಕೇಳಿದ್ದು, “ಕಬ್ಬಿಣ ಎಲ್ಲಿ ಸೋರಿಹೋಗ್ತಿದೆ?” ಎರಡು ವರ್ಷದಿಂದ ಮುಟ್ಟಿನಲ್ಲಿ ಹೆಚ್ಚು ಹೋಗುತ್ತಿತ್ತು. ಈ ವಯಸ್ಸಿಗೆ ಹಾಗೇ ಅಂತ ಎಲ್ಲರೂ ಹೇಳುತ್ತಾರೆ, ಯಾರೂ ಸ್ಕ್ಯಾನ್ ಮಾಡಿಸುವುದಿಲ್ಲ. ಮಾಡಿಸಿದರೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ. ಅದಕ್ಕೆ ಬೇರೆ ಚಿಕಿತ್ಸೆ ನಡೆಯಿತು, ಇಲ್ಲಿ ಬೇಡ. ಗಂಡಸರಲ್ಲಾಗಲಿ ಮುಟ್ಟು ನಿಂತ ಹೆಂಗಸರಲ್ಲಾಗಲಿ ಫೆರಿಟಿನ್ ಹೀಗೆ ತಳ ಕಂಡರೆ ಹೊಟ್ಟೆ, ಕರುಳಿನಲ್ಲಿ ರಕ್ತ ಒಸರುತ್ತಿದೆಯೇ ಅಂತ ನೋಡಿಸಲೇಬೇಕು. ಅದನ್ನು ಬಿಟ್ಟು ಬರೀ ಮಾತ್ರೆ ನುಂಗುವುದು ಅಪಾಯ.

ನನಗೆ ಬರೆದದ್ದು ಫೆರಸ್ ಆಸ್ಕಾರ್ಬೇಟ್, 100 ಮಿಲಿಗ್ರಾಂ ಕಬ್ಬಿಣದ್ದು, ದಿನ ಬಿಟ್ಟು ದಿನ. ದಿನಾ ಎರಡು ಹೊತ್ತು ತೆಗೆದುಕೊಂಡರೆ ಬೇಗ ತುಂಬುತ್ತದಲ್ಲ ಎಂದು ಕೇಳಿದೆ. ಡಾಕ್ಟರ್ ಬಿಡಿಸಿ ಹೇಳಿದರು: ಒಂದು ಡೋಸ್ ಒಳಗೆ ಹೋದ ಕೂಡಲೇ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಅದು ಸುಮಾರು ಒಂದು ದಿನ ಕರುಳಿನ ಬಾಗಿಲು ಹಾಕಿಬಿಡುತ್ತದೆ. ಮರುದಿನ ನುಂಗಿದ್ದರಲ್ಲಿ ಹೆಚ್ಚು ಪಾಲು ಒಳಗೆ ಹೋಗದೆ ಹೊಟ್ಟೆ ಕೆಡಿಸುತ್ತದೆ ಅಷ್ಟೇ. ಸ್ವಿಟ್ಜರ್ಲೆಂಡಿನ ಸಂಶೋಧಕರು ಕಬ್ಬಿಣ ಕಮ್ಮಿಯಿರುವ ಹೆಂಗಸರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ.

ಕಷ್ಟವಾದದ್ದು ಕಾಫಿ. ಎದ್ದ ಕೂಡಲೇ ಫಿಲ್ಟರ್ ಕಾಫಿ ಇಲ್ಲದೆ ನನಗೆ ಬೆಳಗಾಗುವುದಿಲ್ಲ. ಕಾಫಿ, ಟೀ ಎರಡೂ ಕಬ್ಬಿಣ ಹೀರುವುದನ್ನು ಚೆನ್ನಾಗಿಯೇ ತಡೆಯುತ್ತವೆ, ಹಾಲು ಮತ್ತು ಕ್ಯಾಲ್ಸಿಯಂ ಮಾತ್ರೆ ಕೂಡ. ಮಾತ್ರೆಯ ದಿನ ಬೆಳಗ್ಗೆ ಎದ್ದು ನೀರಿನಲ್ಲಿ ಮಾತ್ರೆ, ಜೊತೆಗೆ ಅರ್ಧ ಹೋಳು ನಿಂಬೆರಸ, ಕಾಫಿ ಒಂದು ಗಂಟೆಯ ಮೇಲೆ. ಸಂಜೆಯ ಕಾಫಿಯನ್ನು ಪೂರ್ತಿ ಬಿಟ್ಟೆ. ಅದು ಚಡಪಡಿಕೆಯನ್ನೂ ಕೆಣಕುತ್ತಿತ್ತು. ಮಲ ಕಪ್ಪಾಗುತ್ತದೆ, ಹೆದರಬೇಕಾಗಿಲ್ಲ. ಮಲಬದ್ಧತೆಗೆ ಸೀಬೆಹಣ್ಣು ಸಾಕಾಯಿತು.

ಊಟದ ಬಗ್ಗೆ ಎಲ್ಲರದೂ ಒಂದೊಂದು ಸಲಹೆ. ಮಂಡ್ಯದಲ್ಲಿ ಮೊದಲು ಬರುವುದು ಬೆಲ್ಲ. ಆಲೆಮನೆಯ ಬೆಲ್ಲ ನನಗೂ ಇಷ್ಟ, ಆದರೆ 100 ಗ್ರಾಂ ಬೆಲ್ಲದಲ್ಲಿ ಕಬ್ಬಿಣ ಕೆಲವೇ ಮಿಲಿಗ್ರಾಂ. ಅಷ್ಟಕ್ಕೆ ಅಷ್ಟು ಸಕ್ಕರೆ ತಿನ್ನುವುದು ನಷ್ಟದ ವ್ಯಾಪಾರ. ರಾಗಿ ವಿಷಯ ಇಷ್ಟು ನೇರವಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ನಾಲ್ಕೂವರೆ ಮಿಲಿಗ್ರಾಂ ಕಬ್ಬಿಣ, ಒಳ್ಳೆಯ ಪ್ರಮಾಣದ ಮೆಗ್ನೀಸಿಯಂ ಎಲ್ಲ ಇವೆ. ಹೀಗಾಗಿ ದಿನಾ ಮುದ್ದೆ ಉಣ್ಣುವವಳಿಗೆ ಕ್ಯಾಲ್ಸಿಯಂ ಮಾತ್ರೆ ಏಕೆ ಅಂತ ನನಗೆ ಮೊದಲಿಂದಲೂ ಅನುಮಾನ. ಆದರೆ ರಾಗಿಯಲ್ಲಿ ಫೈಟೇಟ್, ಟ್ಯಾನಿನ್ ಕೂಡ ಹೆಚ್ಚು, ಅವು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಬರಿಸಿದರೆ ಫೈಟೇಟ್ ಇಳಿಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಒಂದು ಕೆಲಸ ನನಗೆ ಬಹಳ ಇಷ್ಟವಾಯಿತು: ಧಾನ್ಯ, ಬೇಳೆಯ ಜೊತೆ ಬೆಳ್ಳುಳ್ಳಿ, ಈರುಳ್ಳಿ ಸೇರಿಸಿದರೆ ಅವುಗಳಲ್ಲಿನ ಕಬ್ಬಿಣ ಮತ್ತು ಸತು ಹೆಚ್ಚು ಬಿಡುಗಡೆಯಾಗುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡುಕೊಂಡರು. ಮನುಷ್ಯರ ಮೇಲೆ ಮಾಡಿದ್ದಲ್ಲ, ಆದರೂ ಬಸ್ಸಾರಿನ ಖಾರಕ್ಕೆ ಬೆಳ್ಳುಳ್ಳಿ ಧಾರಾಳವಾಗಿ ಹಾಕಲು ನನಗೆ ಅಷ್ಟು ನೆಪ ಸಾಕು. ಮೊಳಕೆ ಹುರುಳಿಕಾಳಿನ ಸಾರು, ಮೇಲೆ ನಿಂಬೆಹುಳಿ, ಭಾನುವಾರ ಮಟನ್. ಇದೆಲ್ಲ ಹಗೇವು ಮತ್ತೆ ಖಾಲಿಯಾಗದಂತೆ ಕಾಯುತ್ತದೆಯೇ ಹೊರತು 18ರಿಂದ 75ಕ್ಕೆ ಊಟದಿಂದಲೇ ಏರಿಸುತ್ತೇನೆ ಎಂದು ಕೂರುವುದು ಆಗದ ಮಾತು.

ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೇ ತಿಂಗಳ ಕೊನೆಗೆ ರಾತ್ರಿ ಒಂಬತ್ತರ ಧಾರಾವಾಹಿ ಕೂತೇ ನೋಡಿದೆ ಎಂದು ನನ್ನ ಗಂಡ ಗಮನಿಸಿದ್ದು, ನಾನಲ್ಲ. ಮೂರು ತಿಂಗಳಿಗೆ ಫೆರಿಟಿನ್ 46, ಇನ್ನೂ ಆರು ತಿಂಗಳಿಗೆ 80 ದಾಟಿತು. ಚಡಪಡಿಕೆ ಮುಕ್ಕಾಲು ಪಾಲು ಹೋಗಿದೆ. ದೂರದ ಪ್ರಯಾಣ, ನಿದ್ದೆಗೆಟ್ಟ ರಾತ್ರಿ, ಇವುಗಳಲ್ಲಿ ಈಗಲೂ ಹಣಕುತ್ತದೆ. ನೆಗಡಿಯಾದಾಗ ನಿದ್ದೆ ಬರಿಸುವ ಅಲರ್ಜಿ ಮಾತ್ರೆ ಮತ್ತು ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಇದನ್ನು ಕೆರಳಿಸುತ್ತವೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಅಷ್ಟೇ, ಅವನ್ನು ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಬೇಗ ಗುಣ ಕಾಣಲು ಪ್ರಾಮಿಪೆಕ್ಸೋಲ್ ಎಂಬ ಮಾತ್ರೆಯಿದೆ. ಆದರೆ ವರ್ಷಗಟ್ಟಲೆ ನುಂಗಿದರೆ ಕಾಟ ರಾತ್ರಿಯಿಂದ ಮಧ್ಯಾಹ್ನಕ್ಕೆ ಜರುಗಿ, ಕೈಗೂ ಹಬ್ಬುವುದುಂಟು. ಆದ್ದರಿಂದ ಈಗಿನ ಮಾರ್ಗಸೂಚಿಗಳು ಅದನ್ನು ಹಿಂದಕ್ಕೆ ತಳ್ಳಿವೆ. ಬಾಯಿಂದ ಕಬ್ಬಿಣ ಹಿಡಿಸದವರಿಗೆ ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕೊಡುತ್ತಾರೆ.

ಇಷ್ಟಾದರೂ ಸೆಟೆತ ಕದಲಲಿಲ್ಲ. ಕಬ್ಬಿಣಕ್ಕೂ ಅದಕ್ಕೂ ಸಂಬಂಧವಿಲ್ಲ ಅನ್ನುವುದು ಅಲ್ಲಿಗೆ ಖಚಿತವಾಯಿತು. ಸೆಟೆತಕ್ಕೆ ಎಲ್ಲರೂ ಹೇಳುವುದು ಮೆಗ್ನೀಸಿಯಂ. ಕ್ರಿಯಾಟಿನಿನ್ ಸರಿಯಿದ್ದುದರಿಂದ ನಾನೂ ಕೆಲವು ವಾರ ತೆಗೆದುಕೊಂಡೆ. ಹೊಟ್ಟೆ ಸಡಿಲವಾಯಿತು, ಮೀನಖಂಡ ಆಗಲಿಲ್ಲ. ಆಮೇಲೆ ಓದಿದೆ, ಕಾಕ್ರೇನ್ ಸಂಸ್ಥೆ 2020ರಲ್ಲಿ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿ, ವಯಸ್ಸಾದವರ ಸೆಟೆತಕ್ಕೆ ಮೆಗ್ನೀಸಿಯಂನಿಂದ ಹೇಳಿಕೊಳ್ಳುವಂಥ ಲಾಭ ಸಿಗುವ ಸಂಭವ ಕಮ್ಮಿ ಎಂದಿದೆ. ಬಸುರಿಯರ ವಿಷಯದಲ್ಲಿ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗಿಲ್ಲ. 2024ರಲ್ಲಿ ಚೀನಾದಲ್ಲಿ ನಡೆದ ಪ್ರಯೋಗವೊಂದರಲ್ಲಿ ದಿನಕ್ಕೆ 180 ಮೈಕ್ರೋಗ್ರಾಂ ಕೆ2 ವಿಟಮಿನ್ ವಯಸ್ಸಾದವರ ರಾತ್ರಿ ಸೆಟೆತವನ್ನು ಚೆನ್ನಾಗಿಯೇ ತಗ್ಗಿಸಿತು. ಒಂದೇ ಪ್ರಯೋಗ ನಂಬಿ ನಾನು ಕೊಳ್ಳಲಿಲ್ಲ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಂತೂ ಅದರ ಹತ್ತಿರ ಹೋಗಬಾರದು. ನರದ ಮಾತ್ರೆಗಳಲ್ಲಿರುವ ಬಿ6 ಕೂಡ ಬಹಳ ದಿನ ಹೆಚ್ಚಾಗಿ ಹೋದರೆ ನರವನ್ನೇ ಹಾಳುಮಾಡುತ್ತದೆ. ಬಿ12 ಮಾತ್ರ ನೋಡಿಸಬೇಕಾದ್ದೇ, ಅದರಲ್ಲೂ ಮಾಂಸ ತಿನ್ನದವರು ಮತ್ತು ಸಕ್ಕರೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು.

ನನ್ನ ಸೆಟೆತದ ಮೂಲ ಬಿಪಿ ಮಾತ್ರೆಯ ಹಾಳೆಯಲ್ಲೇ ಇತ್ತು. ಹೆಸರಿನ ಕೊನೆಯ ‘ಎಚ್’ ಅಂದರೆ ಹೈಡ್ರೋಕ್ಲೋರೋಥಯಾಜೈಡ್, ನೀರು ಹೋಗುವ ಮಾತ್ರೆ. ನೀರಿನ ಜೊತೆ ಪೊಟ್ಯಾಸಿಯಂ, ಮೆಗ್ನೀಸಿಯಂ ಕೂಡ ಹೋಗುತ್ತವೆ. ನನ್ನ ಪೊಟ್ಯಾಸಿಯಂ ಕೆಳ ಅಂಚಿನಲ್ಲಿತ್ತು. ಡಾಕ್ಟರ್ ಅದನ್ನು ತೆಗೆದು ಬೇರೆ ಕೊಟ್ಟ ಮೇಲೆ ಸೆಟೆತ ಅರ್ಧಕ್ಕರ್ಧ ಇಳಿಯಿತು. ಕೊಲೆಸ್ಟರಾಲಿಗೆ ಕೊಡುವ ಸ್ಟ್ಯಾಟಿನ್, ಉಬ್ಬಸದ ಕೆಲವು ಇನ್‌ಹೇಲರ್‌ಗಳ ಮೇಲೂ ಇದೇ ದೂರಿದೆ. ಉಳಿದರ್ಧಕ್ಕೆ ಮಲಗುವ ಮುಂಚೆ ಗೋಡೆಗೆ ಕೈಕೊಟ್ಟು, ಹಿಮ್ಮಡಿ ನೆಲಕ್ಕೆ ಊರಿ, ಮೀನಖಂಡ ಎಳೆಯುವಷ್ಟು ಮುಂದಕ್ಕೆ ಬಾಗುತ್ತೇನೆ. ಎರಡೂ ಕಾಲಿಗೆ ಮೂರು ಮೂರು ಸಲ. ಸೆಟೆತ ಬಂದೇಬಿಟ್ಟರೆ ಕಾಲ್ಬೆರಳನ್ನು ಮಂಡಿಯ ಕಡೆಗೆ ಎಳೆದು ಹಿಡಿದರೆ ಬೇಗ ಬಿಡುತ್ತದೆ.

ಎಳನೀರಿನ ಮಾತು ಬಿಟ್ಟರೆ ಮದ್ದೂರಿನ ಕಡೆಯವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಅದರಲ್ಲಿ ಪೊಟ್ಯಾಸಿಯಂ ಹೇರಳ. ಬಿಸಿಲಿನಲ್ಲಿ ಬೆವರಿ ಬಂದವರಿಗೆ ಒಳ್ಳೆಯದೇ. ಆದರೆ ಕಿಡ್ನಿ ಕೆಟ್ಟವರಿಗೆ ಅದೇ ವಿಷ, ಮೆಗ್ನೀಸಿಯಂ ಮಾತ್ರೆಯೂ ಹಾಗೆಯೇ. ಮೈಯಲ್ಲಿ ಪೊಟ್ಯಾಸಿಯಂ ಏರಿಸಬಲ್ಲ ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಕೇಳಿ ಕುಡಿಯಬೇಕು. ಒಂದೇ ಕಾಲು ಊದಿ ಬಿಸಿಯಾದರೆ, ನಡೆದಾಗ ಹಿಡಿದು ನಿಂತಾಗ ಬಿಟ್ಟರೆ, ಪಾದ ಉರಿಯುತ್ತ ಮರಗಟ್ಟಿದರೆ ಅದು ನಾನು ಬರೆದ ಎರಡರಲ್ಲಿ ಯಾವುದೂ ಅಲ್ಲ. ವಿಟಮಿನ್ ಹುಡುಕದೆ ಆಸ್ಪತ್ರೆಗೆ ಹೋಗಬೇಕು.

ನಾನೀಗ ಕಬ್ಬಿಣ ನಿಲ್ಲಿಸಿದ್ದೇನೆ. ಸುಮ್ಮನೆ ನುಂಗುತ್ತ ಹೋದರೆ ಮೈಯಲ್ಲಿ ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕೆ ಇಲ್ಲ. ಆರು ತಿಂಗಳಿಗೊಮ್ಮೆ ಫೆರಿಟಿನ್ ನೋಡಿಸಿ, 75ರ ಕೆಳಗೆ ಇಳಿದಿದ್ದರೆ ಮತ್ತೆ ದಿನ ಬಿಟ್ಟು ದಿನ ಶುರುಮಾಡಿ ಎಂದು ಡಾಕ್ಟರ್ ಹೇಳಿದ್ದಾರೆ.