ನಮ್ಮ ಪಾರ್ಕಿನ ವೈಫೈಗೆ ರೂಲ್ಸ್ ಮಾಡಿದ್ದು ಹೇಗೆ: ನನ್ನ ಅನುಭವ

ಮೈಸೂರಲ್ಲಿ ನಮ್ಮ ಬಡಾವಣೆ ಪಾರ್ಕಿಗೂ ಅದರ ಮೂಲೆಯಲ್ಲಿರೋ ಸಂಘದ ವಾಚನಾಲಯಕ್ಕೂ ಸೇರಿಸಿ ಪಬ್ಲಿಕ್ ವೈಫೈ ಹಾಕ್ಸಿದೀವಿ. ನಾನು ನೆಟ್‌ವರ್ಕಿಂಗ್ ಕೆಲ್ಸದಲ್ಲಿರೋನು, ಹಾಗಾಗಿ ಕೇಬಲ್ ಎಳ್ಸೋದ್ರಿಂದ ಹಿಡಿದು ಬೋರ್ಡ್ ಬರ್ಸೋವರೆಗೂ ಎಲ್ಲಾ ನನಗೇ ಬಂತು. ಕೇಬಲ್ ಎಳ್ಯೋದು ಸುಲಭ, ತಲೆ ಓಡಿಸ್ಬೇಕಾಗಿದ್ದು ರೂಲ್ಸ್‌ಗೆ. ಬೇರೆ ಬಡಾವಣೆಯವ್ರು ಕೇಳ್ತಾನೇ ಇರ್ತಾರೆ, ಒಂದ್ಸಲ ಕೂತು ಬರೆದುಬಿಡೋಣ ಅಂತ.

ಮೊದ್ಲು ಕಾನೂನಿನ ವಿಷ್ಯ. ಸಂಘದಲ್ಲಿ ಒಬ್ರು "ನಮ್ಮನೆ ಬ್ರಾಡ್‌ಬ್ಯಾಂಡ್‌ಗೇ ಇನ್ನೊಂದು ರೂಟರ್ ಸಿಕ್ಸಿ ಪಾರ್ಕಿಗೆ ಬಿಟ್ಬಿಡಣ" ಅಂದ್ರು, ಒಳ್ಳೆ ಮನಸ್ಸಿಂದಾನೇ ಅಂದಿದ್ದು, ಆದ್ರೆ ಹಂಗೆ ಮಾಡೋ ಹಾಗಿಲ್ಲ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟದ ದಿನ ಉಗ್ರರು ಕಳಿಸಿದ ಈಮೇಲ್ ನವಿ ಮುಂಬೈನ ಒಂದು ಮನೆಯ ಪಾಸ್‌ವರ್ಡ್ ಇಲ್ಲದ ವೈಫೈಯಿಂದ ಹೋಗಿತ್ತು, ಏನೂ ಗೊತ್ತಿಲ್ಲದ ಆ ಮನೆಯವ್ರು ಪೊಲೀಸ್ ವಿಚಾರಣೆ ಎದುರಿಸ್ಬೇಕಾಯ್ತು. ಅದಾದ್ಮೇಲೆ 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ಸೂಚನೆ ಹೊರಡಿಸ್ತು: ಪಬ್ಲಿಕ್ ಹಾಟ್‌ಸ್ಪಾಟ್ ಅಂದ್ರೆ ಫೋಟೋ ಐಡಿ ಕಾಪಿ ಇಟ್ಕೋಬೇಕು, ಇಲ್ಲಾ ಮೊಬೈಲ್‌ಗೆ ಎಸ್ಎಂಎಸ್ ಕಳಿಸಿ ಲಾಗಿನ್ ಕೊಡ್ಬೇಕು, ಆ ವಿವರ ಒಂದು ವರ್ಷ ಇರ್ಬೇಕು. ಎಲ್ಲಿ ಹೋದ್ರೂ ಫ್ರೀ ವೈಫೈ ನಂಬರ್ ಕೇಳಿ ಓಟಿಪಿ ಕಳ್ಸೋದು ಇದಕ್ಕೇನೆ. "ಫ್ರೀ ಅಂತೀರಾ, ಮತ್ತೆ ನಂಬರ್ ಯಾಕಪ್ಪಾ" ಅಂತ ಕೇಳೋ ಹಿರಿಯರಿಗೆ ನಾನು ಈ ಕಥೆ ಹೇಳ್ತೀನಿ, ಆಮೇಲೆ ಅವರೇ ಪಕ್ಕದಲ್ಲಿ ಕೂತೋರಿಗೆ ಹೇಳ್ತಾರೆ.

ನಾವು ಹಿಡಿದಿದ್ದು ಪಿಎಂ-ವಾಣಿ ದಾರಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಬ್ಲಿಕ್ ವೈಫೈ ಯೋಜನೆ ಇದು. ಇದರಲ್ಲಿ ನಮ್ಮಂಥ ಸಂಘ, ಕಿರಾಣಿ ಅಂಗಡಿ, ಟೀ ಅಂಗಡಿ ಯಾರು ಬೇಕಾದ್ರೂ ಪಬ್ಲಿಕ್ ಡೇಟಾ ಆಫೀಸ್, ಅಂದ್ರೆ ಜನಕ್ಕೆ ವೈಫೈ ಕೊಡೋ ಕೇಂದ್ರ, ಆಗ್ಬಹುದು, ಲೈಸೆನ್ಸ್ ಬೇಡ, ಇಲಾಖೆಗೆ ಫೀಸೂ ಕಟ್ಟೋ ಹಾಗಿಲ್ಲ. ಓಟಿಪಿ, ಲಾಗಿನ್, ಲೆಕ್ಕ ಎಲ್ಲಾ ಮೇಲಿರೋ ಅಗ್ರಿಗೇಟರ್ ಕಂಪ್ನಿ ನೋಡ್ಕೊಳ್ಳತ್ತೆ. ಕನೆಕ್ಷನ್ ಕೇಳೋಕೆ ಹೋದಾಗ ಒಂದು ಕಂಪ್ನಿಯವ್ರು ಲೀಸ್ಡ್ ಲೈನೇ (ನಮಗೊಬ್ಬರಿಗೇ ಅಂತ ಮೀಸಲಾದ ಲೈನ್) ತಗೋಬೇಕು ಅಂತ ಪಟ್ಟು ಹಿಡಿದ್ರು, ಅದರ ರೇಟ್ ನೋಡಿ ನಮ್ಮ ಖಜಾಂಚಿ ಫೈಲೇ ಮುಚ್ಚಿಟ್ರು. ಈಗ ಪರಿಸ್ಥಿತಿ ವಾಸಿ, 2025ರ ಜೂನ್‌ನಲ್ಲಿ ಟೆಲಿಕಾಂ ನಿಯಂತ್ರಕ ಟ್ರಾಯ್‌ನ ಆದೇಶ ಬಂದಿದೆ, 200 ಎಂಬಿಪಿಎಸ್ ಸ್ಪೀಡ್ ವರೆಗಿನ ಫೈಬರ್ ಪ್ಲಾನ್‌ಗೆ ಮನೆಯವ್ರಿಗಿರೋ ದರದ ಎರಡರಷ್ಟಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ. ಹೊಸ್ದಾಗಿ ಮಾಡೋರು ಆ ಆದೇಶದ ಪ್ರಿಂಟ್ ಕೈಯಲ್ಲಿ ಹಿಡ್ಕೊಂಡೇ ಹೋಗಿ.

ಈಗ ರೂಲ್ಸ್. ಸಂಘದ ಮೀಟಿಂಗಲ್ಲಿ ಎಲ್ಲರೂ ಹೇಳಿದ್ದು ಬರ್ಕೊಂಡಾಗ ಎರಡು ಪೇಜ್ ಆಯ್ತು. ಸಿನಿಮಾ ಡೌನ್‌ಲೋಡ್ ಮಾಡಬಾರ್ದು, ಜಾಸ್ತಿ ಹೊತ್ತು ಕೂರಬಾರ್ದು, ಕೆಟ್ಟ ಸೈಟ್ ನೋಡಬಾರ್ದು, ಇನ್ನೊಬ್ರ ಫೋನ್ ಹ್ಯಾಕ್ ಮಾಡಬಾರ್ದು. ನನ್ನ ವಾದ ಒಂದೇ ಇತ್ತು: ರೂಟರ್ ಕೈಲಿ ಆಗೋದನ್ನ ರೂಟರ್‌ಗೆ ಬಿಡಿ, ಮನುಷ್ಯರೇ ಪಾಲಿಸ್ಬೇಕಾದ್ದನ್ನ ಮಾತ್ರ ಬೋರ್ಡ್ ಮೇಲೆ ಬರೀರಿ. ಬೋರ್ಡ್ ತುಂಬಾ "ಬಾರದು ಬಾರದು" ಇದ್ರೆ ಯಾರೂ ಓದಲ್ಲ, ಓದಿದ್ರೂ ಕಾಯೋರ್ಯಾರು, ವಾಚ್‌ಮನ್ನಾ?

ಹಂಗಾಗಿ ಒಂದು ಫೋನಿಗೆ 3 ಎಂಬಿಪಿಎಸ್ ಅಂತ ರೂಟರಲ್ಲೇ ಮಿತಿ ಹಾಕ್ದೆ. 720ಪಿ ವಿಡಿಯೋ ಪಾಠಕ್ಕೆ ಎರಡೂವರೆ ಸಾಕು, ಹಾಲ್ ಟಿಕೆಟ್, ಪಹಣಿ, ಡಿಜಿಲಾಕರ್‌ಗೆ ಅಷ್ಟೂ ಬೇಡ, ಆದ್ರೆ ದೊಡ್ಡ ದೊಡ್ಡ ಸಿನಿಮಾ ಎಳ್ಯೋರಿಗೆ ಅವರಾಗೇ ಬೇಜಾರಾಗತ್ತೆ. ಡೇಟಾ ಮಿತಿ ಹಾಕೋದಾ ಟೈಮ್ ಮಿತಿ ಹಾಕೋದಾ ಅಂತ ಜೋರು ಚರ್ಚೆ ಆಯ್ತು. ಬೆಂಗ್ಳೂರಲ್ಲಿ 2014ರಲ್ಲಿ ಎಂಜಿ ರೋಡ್, ಬ್ರಿಗೇಡ್ ರೋಡ್ ಕಡೆ ನಮ್ಮ ವೈಫೈ ಅಂತ ಶುರುವಾದಾಗ ದಿನಕ್ಕೆ 50 ಎಂಬಿ ಇತ್ತು, ಇವತ್ತು ಒಂದು ಆ್ಯಪ್ ಅಪ್‌ಡೇಟ್‌ಗೇ ಅದು ಖಾಲಿ. ರೈಲ್ವೆ ಸ್ಟೇಷನ್‌ಗಳಲ್ಲಿ ರೈಲ್‌ವೈರ್‌ನೋರು ದಿನಕ್ಕೆ ಮೊದಲ 30 ನಿಮಿಷ ಫ್ರೀ ಕೊಡ್ತಾರೆ, ರೈಲಿಗೆ ಕಾಯೋರಿಗೆ ಅದು ಸರಿ, ಆದ್ರೆ ವಾಚನಾಲಯದಲ್ಲಿ ಕೆಪಿಎಸ್‌ಸಿಗೆ ಓದೋ ಹುಡುಗೀನ ಅರ್ಧ ಗಂಟೆಗೆ ಎಬ್ಬಿಸೋಕಾಗತ್ತಾ? ಎರ್ನಾಕುಲಂ ಸ್ಟೇಷನ್ನಲ್ಲಿ ಕೂಲಿ ಮಾಡ್ತಿದ್ದ ಒಬ್ಬರು ಅಲ್ಲಿನ ವೈಫೈಲೇ ಪಾಠ ಕೇಳ್ಕೊಂಡು ಕೇರಳ ಪಿಎಸ್‌ಸಿ ರಿಟನ್ ಟೆಸ್ಟ್ ಪಾಸ್ ಮಾಡಿದ್ದು 2018ರಲ್ಲಿ ಪೇಪರಲ್ಲೆಲ್ಲಾ ಬಂದಿತ್ತು, ನಾನು ಮೀಟಿಂಗಲ್ಲಿ ಅದನ್ನೇ ಹೇಳ್ದೆ. ಕೊನೆಗೆ ಎರಡು ಗಂಟೆಗೊಂದ್ಸಲ ಮತ್ತೆ ಲಾಗಿನ್ ಆಗ್ಬೇಕು, ಎಷ್ಟು ಸಲ ಬೇಕಾದ್ರೂ ಆಗ್ಬಹುದು ಅಂತ ಆಯ್ತು. ಇದ್ರಿಂದ ಜೇಬಲ್ಲಿ ಸುಮ್ನೆ ಇರೋ ಫೋನ್‌ಗಳು ತಾವಾಗೇ ಉದುರಿ ಹೋಗ್ತವೆ, ಕೂತು ಓದೋರಿಗೆ ತೊಂದ್ರೆ ಇಲ್ಲ.

ರೂಟರಲ್ಲಿ ಕ್ಲೈಂಟ್ ಐಸೊಲೇಷನ್ ಅಂತ ಒಂದು ಆಪ್ಷನ್ ಇರತ್ತೆ, ಅದನ್ನ ಆನ್ ಮಾಡದೆ ಪಬ್ಲಿಕ್ ವೈಫೈ ಬಿಡ್ಲೇಬೇಡಿ. ಅದು ಆನ್ ಇದ್ರೆ ಒಂದೇ ವೈಫೈಯಲ್ಲಿದ್ರೂ ಒಂದು ಫೋನಿಗೆ ಇನ್ನೊಂದು ಫೋನ್ ಕಾಣ್ಸಲ್ಲ. ಸೈಟ್ ಹೆಸ್ರಿಗೆ ವಿಳಾಸ ಹುಡುಕಿ ಕೊಡೋ ಸರ್ವರ್‌ಗೆ ಡಿಎನ್ಎಸ್ ಅಂತಾರೆ, ಅಶ್ಲೀಲ ಸೈಟ್ ತಡೆಯೋಕೆ ಫ್ಯಾಮಿಲಿ ಡಿಎನ್ಎಸ್ ಹಾಕಿದೀನಿ, ಅದರ ನಂಬರ್ 1.1.1.3, ಖರ್ಚಿಲ್ಲ, ನೂರಕ್ಕೆ ನೂರು ತಡೆಯಲ್ಲ ಆದ್ರೆ ಮಕ್ಕಳು ಆಡೋ ಜಾಗಕ್ಕೆ ಇದಿಷ್ಟು ಇರ್ಲೇಬೇಕು.

ರಾತ್ರಿ ಹತ್ತಕ್ಕೆ ಆಫ್, ಬೆಳಗ್ಗೆ ಐದೂವರೆಗೆ ಆನ್, ಇದೂ ರೂಟರ್ ಕೆಲ್ಸವೇ. ರಾತ್ರಿ ಪಾರ್ಕ್ ಗೇಟ್ ಹತ್ರ ಬೈಕ್ ಮೇಲೆ ಕೂತು ಫೋನ್ ನೋಡೋ ಗುಂಪಿನ ಬಗ್ಗೆ ಎದುರು ಮನೆಯ ಹೆಣ್ಮಕ್ಕಳು ಹೇಳಿದ್ರು, ಆ ಮಾತು ನ್ಯಾಯವಾದ್ದೇ.

ನನಗೆ ತುಂಬಾ ಮುಖ್ಯ ಅನ್ಸಿದ್ದು ಬೇರೆ. ವಾಚನಾಲಯದ ಬಾಗಿಲಲ್ಲಿ ಒಂದು ರಿಜಿಸ್ಟರ್ ಇಡಣ, ಹೆಸ್ರು, ಫೋನ್ ನಂಬರ್, ಮನೆ ವಿಳಾಸ ಬರ್ದು ಸೈನ್ ಹಾಕ್ಲಿ ಅಂತ ಒಂದು ಸಲಹೆ ಬಂತು. ಆ ರಿಜಿಸ್ಟರ್ ಮುಂದೆ ನಿಂತು ಯೋಚ್ನೆ ಮಾಡಿ, ಮೇಲಿನ ಸಾಲಲ್ಲಿ ಬರ್ದಿರೋ ಹುಡುಗಿ ನಂಬರ್ ಕೆಳಗಿನ ಸಾಲಲ್ಲಿ ಬರ್ಯೋನಿಗೆ ಕಾಣತ್ತೆ. ಓಟಿಪಿ ಲಾಗಿನ್ ಇರುವಾಗ ಆ ರಿಜಿಸ್ಟರ್ ಯಾಕೆ ಬೇಕು? ನಾನು ಒಪ್ಲಿಲ್ಲ. ಯಾರು ಏನು ನೋಡ್ತಾರೆ ಅಂತ ಲಿಸ್ಟ್ ಕೊಡಿ ಅಂತಾನೂ ಕೇಳಿದ್ರು, ಅದಕ್ಕೂ ಇಲ್ಲ ಅಂದೆ. ಈಗಿನ ಸೈಟ್‌ಗಳು ಹೆಚ್ಚೂಕಮ್ಮಿ ಎಲ್ಲಾ ಎಚ್‌ಟಿಟಿಪಿಎಸ್, ಅಂದ್ರೆ ಮಾಹಿತಿ ಗುಟ್ಟಾಗಿ ಹೋಗತ್ತೆ, ರೂಟರ್‌ಗೆ ಸೈಟ್ ಹೆಸ್ರು ಗೊತ್ತಾಗ್ಬಹುದು, ಒಳಗೆ ಏನು ಓದಿದ್ರು ಅನ್ನೋದು ಗೊತ್ತಾಗಲ್ಲ, ಗೊತ್ತಾಗೋ ಅಷ್ಟನ್ನೂ ಸಂಘದೋರು ನೋಡೋ ಹಕ್ಕಿಲ್ಲ. ಕಾನೂನಿಗೆ ಬೇಕಾದ್ದನ್ನ ಅಗ್ರಿಗೇಟರ್ ಇಟ್ಕೊಳ್ಳತ್ತೆ, ಪೊಲೀಸ್ರು ಕ್ರಮವಾಗಿ ಕೇಳಿದ್ರೆ ಅವರೇ ಕೊಡ್ತಾರೆ. ಇದನ್ನ ಬೋರ್ಡ್ ಮೇಲೂ ಬರ್ಸಿದೀನಿ: "ನಿಮ್ಮ ಮೊಬೈಲ್ ನಂಬರ್ ಮಾತ್ರ ಕೇಳುತ್ತದೆ. ನೀವು ಏನು ನೋಡುತ್ತೀರಿ ಎಂದು ಸಂಘ ನೋಡುವುದಿಲ್ಲ."

ಬೋರ್ಡಿನ ಉಳಿದ ಸಾಲುಗಳಲ್ಲಿ ಮೊದಲನೇದು ವೈಫೈ ಹೆಸರು. ಯಾಕಂದ್ರೆ ಯಾರು ಬೇಕಾದ್ರೂ ಫೋನ್ ಹಾಟ್‌ಸ್ಪಾಟ್ ಆನ್ ಮಾಡಿ ಅದೇ ಥರ ಹೆಸರಿಟ್ಟು ನಕಲಿ ಲಾಗಿನ್ ಪೇಜ್ ತೋರಿಸ್ಬಹುದು. ಆಮೇಲಿನ ಸಾಲು: "ಆಧಾರ್, ಎಟಿಎಂ ಕಾರ್ಡ್ ನಂಬರ್, ಯುಪಿಐ ಪಿನ್ ಕೇಳಿದರೆ ಅದು ನಮ್ಮ ವೈಫೈ ಅಲ್ಲ, ತಕ್ಷಣ ಆಫ್ ಮಾಡಿ." ಹಿರಿಯರಿಗೆ ಇಷ್ಟು ಸಾಕು, ಇದಕ್ಕಿಂತ ಚೆನ್ನಾಗಿ ಯಾವ ಭಾಷಣಾನೂ ಕೆಲ್ಸ ಮಾಡ್ಲಿಲ್ಲ. ಸರ್ಟಿಫಿಕೇಟ್ ವಾರ್ನಿಂಗ್ ಪೇಜ್ (ಈ ಸೈಟ್ ಅಸಲಿ ಅಂತ ಖಾತ್ರಿ ಇಲ್ಲ ಅಂತ ಬ್ರೌಸರ್ ಕೊಡೋ ಎಚ್ಚರಿಕೆ) ಬಂದ್ರೆ ಮುಂದೆ ಹೋಗ್ಬೇಡಿ ಅಂತ ಒಂದು ಸಾಲಿದೆ, ಆ ಪೇಜ್ ಹೆಂಗಿರತ್ತೆ ಅಂತ ಚಿತ್ರ ಪಕ್ಕದಲ್ಲೇ ಅಂಟ್ಸಿದೀವಿ. ಹಣದ ವ್ಯವಹಾರ ಸ್ವಂತ ಡೇಟಾದಲ್ಲಿ ಮಾಡಿ ಅಂತ್ಲೂ ಇದೆ. ಬ್ಯಾಂಕ್ ಆ್ಯಪ್‌ಗಳು ಎನ್‌ಕ್ರಿಪ್ಟ್ ಆಗೇ ಇರ್ತವೆ, ನಿಜ, ಆದ್ರೆ ಒಂದು ಯುಪಿಐ ಪೇಮೆಂಟ್‌ಗೆ ಬೇಕಾಗೋ ಡೇಟಾ ಏನೇನೂ ಅಲ್ಲ, ಅಷ್ಟಕ್ಕೆ ಯಾಕೆ ರಿಸ್ಕ್ ಅನ್ನೋದು ನನ್ನ ಲೆಕ್ಕ.

ಕ್ಯೂಆರ್ ಕೋಡ್ ಹೊರಗೆ ಹಾಕ್ಲೇ ಇಲ್ಲ, ಯಾರಾದ್ರೂ ಮೇಲೆ ಬೇರೆ ಸ್ಟಿಕ್ಕರ್ ಅಂಟ್ಸಿದ್ರೆ ಗೊತ್ತೇ ಆಗಲ್ಲ. ವಾಚನಾಲಯದ ಒಳಗೆ ಗಾಜಿನ ಹಿಂದೆ ಇದೆ.

ಪಾಡ್‌ಕಾಸ್ಟ್, ಹಾಡು, ರೀಲ್ಸ್ ಏನೇ ಇರ್ಲಿ ಇಯರ್‌ಫೋನ್ ಹಾಕ್ಕೊಳ್ಳಿ ಅನ್ನೋದು ಕೊನೇ ಸಾಲು. ಇದನ್ನ ಯಾವ ರೂಟರೂ ಮಾಡ್ಸಕ್ಕಾಗಲ್ಲ, ಬೆಳಗ್ಗೆ ವಾಕಿಂಗ್ ಬರೋ ಅಜ್ಜಿಯರೇ ಹೇಳಿ ಮಾಡಿಸ್ತಿದಾರೆ, ನಮ್ಮ ಬೋರ್ಡಿಗಿಂತ ಜಾಸ್ತಿ ಅವರ ಮಾತು ನಡ್ಯತ್ತೆ.

ವಾಚನಾಲಯದ ಡೆಸ್ಕ್‌ಟಾಪ್‌ಗೆ ಗೆಸ್ಟ್ ಲಾಗಿನ್ ಮಾತ್ರ ಇಟ್ಟಿದೀನಿ, ಲಾಗ್ ಔಟ್ ಆದ ಕೂಡ್ಲೇ ಡೌನ್‌ಲೋಡ್ ಆಗಿದ್ದೆಲ್ಲಾ ಅಳ್ಸಿ ಹೋಗತ್ತೆ. ಸಾರ್ವಜನಿಕ ಕಂಪ್ಯೂಟರಲ್ಲಿ ಆಧಾರ್ ಪಿಡಿಎಫ್ ಇಳಿಸಿ ಹಾಗೇ ಬಿಟ್ಟು ಹೋಗೋದು ಎಲ್ಲಾ ಕಡೆ ಇದ್ದಿದ್ದೇ, ಬೇಕೇ ಬೇಕಂದ್ರೆ ಮಾಸ್ಕ್ಡ್ ಆಧಾರ್ ತಗೊಳ್ಳಿ, ಅದರಲ್ಲಿ ಕೊನೇ ನಾಲ್ಕು ಅಂಕಿ ಮಾತ್ರ ಕಾಣತ್ತೆ.

ಪದೇಪದೇ ಬರೋ ಕಂಪ್ಲೇಂಟ್ "ಅಣ್ಣಾ, ಕನೆಕ್ಟ್ ಆಗಿದೆ, ಲಾಗಿನ್ ಪೇಜೇ ಬರ್ತಿಲ್ಲ" ಅನ್ನೋದು. ಮುಕ್ಕಾಲು ಪಾಲು ಫೋನಲ್ಲಿ ವಿಪಿಎನ್ (ನಮ್ಮ ಡೇಟಾನ ಗುಟ್ಟಾಗಿ ಬೇರೆ ಸರ್ವರ್ ಮೂಲಕ ಕಳ್ಸೋ ಆ್ಯಪ್) ಆನ್ ಇರತ್ತೆ ಇಲ್ಲಾ ಸೆಟ್ಟಿಂಗ್ಸ್‌ನ ಪ್ರೈವೇಟ್ ಡಿಎನ್ಎಸ್‌ನಲ್ಲಿ ಯಾವ್ದೋ ಹೆಸ್ರು ಹಾಕಿರ್ತಾರೆ. ಎರಡನ್ನೂ ಆಫ್ ಮಾಡಿ ಲಾಗಿನ್ ಆಗಿ, ಆಮೇಲೆ ವಿಪಿಎನ್ ವಾಪಸ್ ಆನ್ ಮಾಡ್ಕೊಳ್ಳಿ, ಮಾಡ್ಕೊಳ್ಳೋದು ಒಳ್ಳೇದೇ. ಹೊರಡೋವಾಗ ಆಟೋ ಕನೆಕ್ಟ್ ತೆಗ್ದು ಹೋಗಿ.

ಬೋರ್ಡ್ ಮಾಡ್ಸೋರಿಗೆ ಇನ್ನೊಂದು. ಪೇಂಟರ್‌ಗೆ ವೈಫೈ ಹೆಸರನ್ನ ಫೋನಲ್ಲಿ ಹೆಂಗೆ ಕಾಣತ್ತೋ ಹಂಗೇ, ದೊಡ್ಡಕ್ಷರ ಚಿಕ್ಕಕ್ಷರ ಸಮೇತ, ಪ್ರಿಂಟ್ ತೆಗೆದು ಕೊಡಿ, ಬಾಯಲ್ಲಿ ಹೇಳ್ಬೇಡಿ. ನಕಲಿ ಯಾವ್ದು ಅಸಲಿ ಯಾವ್ದು ಅಂತ ಜನ ಆ ಅಕ್ಷರ ನೋಡೇ ತೀರ್ಮಾನ ಮಾಡ್ತಾರೆ.