ಕ್ಯಾನ್ಸರ್ ಅಪಾಯ ತಗ್ಗಿಸಲು ಎಲ್ಲಿಂದ ಆರಂಭಿಸಬೇಕು?

ಕ್ಯಾನ್ಸರ್ ಬಾರದಂತೆ ಏನು ತಿನ್ನಬೇಕು ಎಂದು ಕೇಳುವವರು ಬಹಳ ಮಂದಿ. ವಯಸ್ಸು ಮತ್ತು ವಂಶವಾಹಿಗಳ ಪಾತ್ರ ನಮ್ಮ ಕೈಮೀರಿದ್ದು. ಆದರೂ ಶೇ 30ರಿಂದ 50ರಷ್ಟು ಕ್ಯಾನ್ಸರ್‌ಗಳನ್ನು ತಡೆಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಪ್ರಯತ್ನವನ್ನು ದೊಡ್ಡ ಅಪಾಯದಿಂದಲೇ ಆರಂಭಿಸಬೇಕು.

ಮೊದಲು ತಂಬಾಕು. ಸೇದುವುದಾಗಲಿ ಜಗಿಯುವುದಾಗಲಿ, ಅದನ್ನು ಪೂರ್ತಿ ಬಿಡದೆ ಊಟದಲ್ಲಿ ಮಾಡಿಕೊಳ್ಳುವ ಯಾವ ಬದಲಾವಣೆಯೂ ಆ ನಷ್ಟವನ್ನು ತುಂಬಲಾರದು. ಒಬ್ಬರಿಂದಲೇ ಬಿಡಲಾಗದಿದ್ದರೆ ವೈದ್ಯರ ನೆರವು ಪಡೆಯಿರಿ. ನಿಕೋಟಿನ್ ಬದಲಿ ಚಿಕಿತ್ಸೆಯೂ (ತಂಬಾಕಿನ ಚಟ ಬಿಡಿಸಲು ಕೊಡುವ ನಿಕೋಟಿನ್ ಗಮ್, ಪಟ್ಟಿ ಇತ್ಯಾದಿ) ಆಪ್ತಸಲಹೆಯೂ ಜೊತೆಗಿದ್ದರೆ ಯಶಸ್ಸಿನ ಸಾಧ್ಯತೆ ಹೆಚ್ಚು.

ನಂತರದ್ದು ಮದ್ಯ. ಅದು ದೇಹದಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ರಾಸಾಯನಿಕವಾಗಿ ಮಾರ್ಪಟ್ಟು ಡಿಎನ್‌ಎಗೆ ಹಾನಿ ಮಾಡುತ್ತದೆ. ಬಾಯಿ, ಅನ್ನನಾಳ, ಯಕೃತ್ತು, ಕರುಳು ಮತ್ತು ಸ್ತನದ ಕ್ಯಾನ್ಸರ್‌ಗಳಿಗೆ ಅದರ ನಂಟು ಸ್ಥಾಪಿತವಾಗಿದೆ. ಬಿಟ್ಟರೆ ಒಳ್ಳೆಯದು, ಆಗದಿದ್ದರೆ ಆದಷ್ಟು ಕಡಿಮೆ ಮಾಡಿ.

ಈಗ ತಟ್ಟೆಗೆ ಬರೋಣ. ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ ಮತ್ತು ಹಣ್ಣು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಟ್ಟೆಯ ಅರ್ಧ ಭಾಗವನ್ನು ಇವುಗಳಿಗೇ ಬಿಟ್ಟುಕೊಟ್ಟರೆ ತೂಕ ಹಾಕುವ ಗೋಜು ಇರುವುದಿಲ್ಲ. ಉಳಿದರ್ಧದಲ್ಲಿ ಇಡಿಧಾನ್ಯ, ಬೇಳೆಕಾಳುಗಳಿರಲಿ. ಇವುಗಳ ನಾರಿನಂಶ ಮಲವನ್ನು ಬೇಗ ಮುಂದೆ ಸಾಗಿಸುವುದರಿಂದ ಹಾನಿಕರ ವಸ್ತುಗಳು ಕರುಳಿನ ಒಳಪದರಕ್ಕೆ ತಾಗಿರುವ ಅವಧಿ ಕಡಿಮೆಯಾಗುತ್ತದೆ. ಅಲ್ಲದೆ, ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುತ್ತವೆ, ಅದೇ ಆ ಪದರದ ಜೀವಕೋಶಗಳಿಗೆ ಮುಖ್ಯ ಪೋಷಣೆ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ, ನೀರನ್ನೂ ಹೆಚ್ಚು ಕುಡಿಯಿರಿ.

ತರಕಾರಿಯ ಬದಲು ಮಾತ್ರೆ ಸಾಕೆಂಬ ನಂಬಿಕೆ ಅಪಾಯಕಾರಿ. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ, ಕ್ಯಾರೆಟ್‌ನಂಥ ತರಕಾರಿಗಳಲ್ಲಿರುವ ಬೀಟಾ ಕ್ಯಾರೋಟಿನ್ ಎಂಬ ಪೋಷಕಾಂಶವನ್ನು ಮಾತ್ರೆಯಾಗಿ ಕೊಟ್ಟು ನಡೆಸಿದ, 1994ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಶೇ 18ರಷ್ಟು ಏರಿತು.

ಮಾಂಸಾಹಾರಿಗಳು ಸಾಸೇಜ್, ಬೇಕನ್‌ನಂಥ ಸಂಸ್ಕರಿತ ಮಾಂಸವನ್ನು ಆದಷ್ಟು ದೂರವಿಡಬೇಕು. ಕ್ಯಾನ್ಸರ್ ಕುರಿತ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ 2015ರಲ್ಲಿ ಇದನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ದಿನಕ್ಕೆ 50 ಗ್ರಾಂ ಸೇವಿಸುವವರಲ್ಲಿ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ 18ರಷ್ಟು ಹೆಚ್ಚು. ಕೆಂಪು ಮಾಂಸ ಮಿತವಾಗಿರಲಿ, ಸೀದುಹೋಗುವಂತೆ ಸುಡಬೇಡಿ. ಬೂಷ್ಟು ಹಿಡಿದ ಕಾಳು, ಬೀಜಗಳನ್ನು ಎಸೆದುಬಿಡಿ. ಅವುಗಳಲ್ಲಿರಬಹುದಾದ, ಯಕೃತ್ತಿಗೆ ಮಾರಕವಾದ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಬೇಯಿಸಿದರೂ ಪೂರ್ತಿ ನಾಶವಾಗುವುದಿಲ್ಲ.

ದೇಹದ ತೂಕಕ್ಕೂ ಇದೇ ಗಮನ ಬೇಕು. ಅತಿಯಾದ ಕೊಬ್ಬು ಇನ್ಸುಲಿನ್ ಮಟ್ಟವನ್ನು ಏರಿಸುತ್ತದೆ, ಮುಟ್ಟು ನಿಂತ ಮಹಿಳೆಯರಲ್ಲಿ ಈಸ್ಟ್ರೊಜನ್ ಹಾರ್ಮೋನನ್ನೂ ಹೆಚ್ಚಿಸುತ್ತದೆ; ಸ್ತನ ಮತ್ತು ಗರ್ಭಕೋಶದ ಕ್ಯಾನ್ಸರ್‌ಗಳಿಗೆ ಇದು ದಾರಿ ಮಾಡಿಕೊಡಬಲ್ಲದು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ.

ಕೊನೆಯದಾಗಿ, ಗರ್ಭಕಂಠದ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ಮತ್ತು ಯಕೃತ್ತಿನ ಕ್ಯಾನ್ಸರ್ ತರಬಲ್ಲ ಹೆಪಟೈಟಿಸ್ ಬಿ ವೈರಸ್‌ಗಳನ್ನು ತಡೆಯುವ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ. ಮಲದಲ್ಲಿ ರಕ್ತ, ಮೂರು ವಾರವಾದರೂ ಮಾಯದ ಬಾಯಿಹುಣ್ಣು ಅಥವಾ ಹೊಸ ಗಂಟು ಕಂಡರೆ, ಎಷ್ಟೇ ಶಿಸ್ತಿನ ಜೀವನ ನಡೆಸುತ್ತಿದ್ದರೂ, ತಡಮಾಡದೆ ತಪಾಸಣೆ ಮಾಡಿಸಿಕೊಳ್ಳಿ.