ಹಳೇ ಸೇರು, ಪಾವಿನಿಂದ ಶುರು ಮಾಡಿ

ಹಳೆಯ ವಸ್ತು ಸಂಗ್ರಹಿಸುವ ಆಸೆ ಇದೆಯೇ? ಮೊದಲು ಒಂದೇ ಬಗೆಯ ವಸ್ತು ಆರಿಸಿಕೊಳ್ಳಿ. ಕಂಡಿದ್ದೆಲ್ಲ ಕೊಳ್ಳುತ್ತಾ ಹೋದರೆ ಯಾವುದರ ಬಗ್ಗೆಯೂ ತಿಳಿವಳಿಕೆ ಬೆಳೆಯುವುದಿಲ್ಲ. ಹೊಸಬರಿಗೆ ನಾನು ಹೇಳುವುದು ಧಾನ್ಯ ಅಳೆಯುವ ಪಾತ್ರೆಗಳು: ಸೇರು, ಅಚ್ಚೇರು, ಪಾವು, ಚಟಾಕು. ದೇಶದಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. ಅರವತ್ತರ ದಶಕದ ಹೊತ್ತಿಗೆ ಅಂಗಡಿಗಳಲ್ಲಿ ಕಿಲೋ, ಲೀಟರ್ ನೆಲೆಯಾದವು. ಸೇರು, ಪಾವು ಅಡುಗೆಮನೆಗೆ, ಆಮೇಲೆ ಅಟ್ಟಕ್ಕೆ ಸರಿದವು.

ಹಾಗಾಗಿ ಹುಡುಕಾಟ ಅಟ್ಟದಿಂದಲೇ ಶುರುವಾಗಲಿ. ಅಜ್ಜಿ, ದೊಡ್ಡಮ್ಮ ಇದ್ದರೆ ಪಾತ್ರೆ ಯಾರದು, ಯಾವ ಊರಿಂದ ಬಂತು ಎಂದು ಕೇಳಿ, ಆಗಲೇ ಬರೆದಿಡಿ. ಈ ವಿವರ ಕಳೆದುಹೋದರೆ ಮತ್ತೆ ಸಿಗುವುದಿಲ್ಲ. ಆಮೇಲೆ ಪಾತ್ರೆ ಅಂಗಡಿಗೆ ಹೋಗಿ. ಹಳೇ ಹಿತ್ತಾಳೆ, ತಾಮ್ರವನ್ನು ಅಲ್ಲಿ ತೂಕಕ್ಕೆ ಕೊಳ್ಳುತ್ತಾರೆ, ಬಹುಪಾಲು ಕರಗಿಸಲು ಹೋಗುತ್ತದೆ. ಎಷ್ಟು ಒಳ್ಳೆಯ ಸಾಮಾನು ಹೀಗೆ ಮಾಯವಾಗಿದೆಯೋ! ಕಳಿಸುವ ಮುಂಚೆ ನಿಮಗೊಮ್ಮೆ ತೋರಿಸಲು ಕೇಳಿಕೊಳ್ಳಿ.

ಕೊಳ್ಳುವಾಗ ಜಾಸ್ತಿ ಹೊತ್ತು ನೋಡಿ. ಅಯಸ್ಕಾಂತ ಹಿಡಿಯಿರಿ. ಹಿತ್ತಾಳೆ, ತಾಮ್ರ, ಕಂಚಿಗೆ ಅದು ಅಂಟುವುದಿಲ್ಲ, ಅಂಟಿದರೆ ಒಳಗೆ ಕಬ್ಬಿಣವಿದೆ. ಸವೆತ ಎಲ್ಲಿದೆ ಗಮನಿಸಿ. ಕೈ ತಾಗುವ ಅಂಚು, ನೆಲಕ್ಕೆ ಉಜ್ಜುವ ತಳ ನುಣುಪಾಗಿರಬೇಕು, ಸಂದುಗಳು ಕಪ್ಪಾಗಿರಬೇಕು. ಎಲ್ಲ ಕಡೆ ಒಂದೇ ಸಮ ಕಪ್ಪಿದ್ದರೆ ಅನುಮಾನ ಪಡಿ, ರಾಸಾಯನಿಕ ಹಚ್ಚಿ ಹಳೆಯದರಂತೆ ಮಾಡಿರಬಹುದು. ಅಳತೆ ಸರಿಯಿದೆ ಎಂದು ಒತ್ತಿದ ಸರ್ಕಾರದ ಮುದ್ರೆ ಕಂಡರೆ ಬಿಡಬೇಡಿ.

ಮನೆಗೆ ತಂದ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ದಯವಿಟ್ಟು. ವರ್ಷಗಟ್ಟಲೆ ಕೂಡಿದ ಬಣ್ಣ ಒಂದೇ ಸಲಕ್ಕೆ ಹೋಗುತ್ತದೆ, ಮುದ್ರೆಯೂ ಸವೆಯುತ್ತದೆ. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ತೇವವಿಲ್ಲದ ಕಡೆ ಇಡಿ.

ಆಸೆ ವಿಗ್ರಹಗಳ ಕಡೆ ತಿರುಗಿದರೆ ಕಾನೂನು ತಿಳಿದಿರಲಿ. 1972ರ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಲಾವಸ್ತು ಪುರಾತನ ವಸ್ತು. ಅಂಥ ಶಿಲ್ಪಗಳನ್ನು ಮನೆಯಲ್ಲಿಟ್ಟುಕೊಂಡವರು ನೋಂದಾಯಿಸಬೇಕು, ಮಾರುವವರಿಗೆ ಪರವಾನಗಿ ಬೇಕು. ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ದೇವಸ್ಥಾನದ್ದು ಎಂದು ಯಾರಾದರೂ ಗುಟ್ಟಾಗಿ ತೋರಿಸಿದರೆ ಮುಟ್ಟಲೇಬೇಡಿ. ಅಕ್ಕಿಕಾಳನ್ನು ತನ್ನತ್ತ ಸೆಳೆಯುವ ಪವಾಡದ ಚೆಂಬು ಎಂದು ಲಕ್ಷಗಟ್ಟಲೆ ಕೇಳುವುದು ಶುದ್ಧ ಮೋಸ, ಪೊಲೀಸರಿಗೆ ತಿಳಿಸಿ.